ನೀಲವ್ವನ ದವಡೆ ಹಲ್ಲು

ನಾನು ಒಂದು ದವಡೆ ಹಲ್ಲು. ಗದಗಿನ ನೀಲವ್ವನಿಗೆ ಆರು ತುಂಬಿದಾಗ, ಹಾಲುಹಲ್ಲುಗಳ ಹಿಂದೆ ಒಸಡು ಸೀಳಿಕೊಂಡು ಹುಟ್ಟಿದೆ. ಮೂಲೆಯಲ್ಲಿದ್ದುದರಿಂದ ಯಾರ ಕಣ್ಣಿಗೂ ಬೀಳಲಿಲ್ಲ. ಕಬ್ಬು, ಕಡಲೆ, ಒಣಗಿ ಗಟ್ಟಿಯಾದ ಕಟಕರೊಟ್ಟಿ ಎಲ್ಲವನ್ನೂ ನಲವತ್ತು ವರ್ಷ ಅರೆದುಕೊಟ್ಟೆ.

ನೀಲವ್ವ ಖಾನಾವಳಿಗಳಿಗೆ ಜೋಳದ ರೊಟ್ಟಿ ಬಡಿದುಕೊಡುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಅವಳ ಬಲಗೈಯೇ ಮನೆ ನಡೆಸಿತು, ಮಗಳು ಗಂಗಮ್ಮನನ್ನು ಓದಿಸಿತು. ಒಲೆಯ ಮುಂದೆ ಕೂತರೆ ಬಾಯಲ್ಲಿ ತಂಬಾಕು ಇರಲೇಬೇಕು. ಅದು ನನ್ನ ಮಗ್ಗುಲಲ್ಲೇ ಕೂರುತ್ತಿತ್ತು. ಬರಬರುತ್ತ ಒಸಡು ಊದಿತು. ಬೆಳಿಗ್ಗೆ ಉಗುಳಿದರೆ ರಕ್ತ. ನನ್ನ ಬುಡದಲ್ಲಿ ಕೀವು ಕಟ್ಟಿತು.

"ಯವ್ವಾ, ಬಾಯಿ ನಾರಾಕತ್ತೈತಿ. ಹಲ್ಲಿನ ಡಾಕ್ಟರ ಹತ್ರ ಹೋಗೂಣು ಬಾ," ಎಂದಳು ಗಂಗಮ್ಮ.

"ಹಲ್ಲುನೋವಿಗೆ ಯಾರರ ಸತ್ತಾರೇನು? ಲವಂಗ ಇಟ್ಕೊಂಡ್ರ ಹೋಕ್ಕೈತಿ."

ಎರಡು ವರ್ಷ ಲವಂಗ ಇಟ್ಟುಕೊಂಡಳು. ನೋವು ಅಡಗುತ್ತಿತ್ತು, ಕೀವು ಅಡಗಲಿಲ್ಲ.

ಶ್ರಾವಣದಲ್ಲಿ ಜ್ವರ ಬಂತು, ಜತೆಗೆ ತಲೆ ಸಿಡಿಯುವ ನೋವು. ಎಂಟನೆಯ ದಿನ ರೊಟ್ಟಿ ಬಡಿಯುತ್ತಿದ್ದ ಕೈ ಹಿಟ್ಟಿನ ಮೇಲೆಯೇ ನಿಂತುಬಿಟ್ಟಿತು. ಎತ್ತಲು ನೋಡಿದಳು, ಏಳಲಿಲ್ಲ. ಮಗಳನ್ನು ಕರೆಯಲು ಬಾಯಿ ತೆರೆದಳು. ಬರೀ ಗೊರಗೊರ ಸದ್ದು ಹೊರಟಿತು.

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿದರು. ಮಿದುಳಿನ ಎಡಭಾಗದಲ್ಲಿ ನಿಂಬೆಹಣ್ಣಿನಷ್ಟು ಕೀವು! ತಲೆಬುರುಡೆ ಕೊರೆದು ಕೀವು ಹೊರತೆಗೆದು, ಪರೀಕ್ಷೆಗೆ ಕಳಿಸಿದರು.

"ಕೀವಿನಾಗ ಸಿಕ್ಕಿದ್ದು ಬಾಯಾಗಿನ ರೋಗಾಣು. ಒಸಡಿನಿಂದ ರಕ್ತಕ್ಕ ಇಳಿದು ಮಿದುಳು ಸೇರ‍್ಯಾವು," ಎಂದರು ಡಾಕ್ಟರು.

"ಹಿಂಗೂ ಆಗತೈತೇನ್ರಿ?" ಎಂದಳು ಗಂಗಮ್ಮ.

"ಅಪರೂಪಕ್ಕ ಆಗತೈತಮ್ಮ."

ಗಂಗಮ್ಮ ಗೋಡೆಗೆ ಹಣೆ ಹಚ್ಚಿ ನಿಂತಳು. "ನಾನರ ಕೈಹಿಡದು ಎಳಕೊಂಡು ಹೋಗಬೇಕಿತ್ತು."

ಮರುದಿನ ನನ್ನನ್ನು ಕಿತ್ತರು. ಈಗ ದಂತ ವಿಭಾಗದ ಕಪಾಟಿನಲ್ಲಿ, ಗಾಜಿನ ಶೀಸೆಯೊಳಗಿದ್ದೇನೆ. ಕಲಿಯುವವರು ಎತ್ತಿ ನೋಡಿ ಇಡುತ್ತಾರೆ. ಅವಳ ಅನ್ನ ಅರೆದದ್ದು ನಾನೇ. ಅವಳ ಮಾತು ಕಸಿದ ರೋಗಕ್ಕೆ ಜಾಗ ಕೊಟ್ಟದ್ದೂ ನನ್ನ ಬುಡವೇ. ಇದನ್ನು ಯಾರಿಗೆ ಹೇಳಲಿ?

ಮೊನ್ನೆ ತಾಯಿ ಮಗಳು ತಪಾಸಣೆಗೆ ಇಲ್ಲಿಗೇ ಬಂದಿದ್ದರು. ನೀಲವ್ವನ ಬಲಗೈ ಮಡಿಲಲ್ಲಿ ಸುಮ್ಮನೆ ಬಿದ್ದಿತ್ತು. ಓದು ಬಿಟ್ಟ ಗಂಗಮ್ಮನೇ ಈಗ ರೊಟ್ಟಿ ಬಡಿಯುತ್ತಾಳಂತೆ. ಹಲ್ಲಿನ ಡಾಕ್ಟರು ಅವಳನ್ನೂ ವಿಚಾರಿಸಿದರು: "ನಿಮ್ಮ ಒಸಡಿನಾಗೂ ರಕ್ತ ಬರತೈತೇನು?"

"ಒಮ್ಮೊಮ್ಮೆ ಬರತೈತ್ರಿ. ಇರ‍್ಲಿ ಬಿಡ್ರಿ, ಮುಂದ ನೋಡೂಣು."

ನೀಲವ್ವ ಎಡಗೈಯಿಂದ ಮಗಳ ಗದ್ದ ಬಿಗಿಯಾಗಿ ಹಿಡಿದಳು. ಆರು ತಿಂಗಳಿಂದ ಒಂದು ಮಾತೂ ಪೂರ್ತಿ ಆಡದವಳು. ತುಟಿ ನಡುಗಿತು, ಕುತ್ತಿಗೆಯ ನರ ಉಬ್ಬಿತು.

"ಬಾಯಿ... ತೆಗಿ."