ಮಲ್ಲಮ್ಮನ ಅಂಗಳದಲ್ಲಿ ಎತ್ತರವಾದೆ

ನಾನು ಒಂದು ಜೀಪು. ಎಲ್ಲ ಜೀಪುಗಳೂ ಒಂದು ಸಲ ಹುಟ್ಟುತ್ತವೆ, ನಾನು ಎರಡು ಸಲ ಹುಟ್ಟಿದ್ದೇನೆ. ಮೊದಲನೆಯ ಸಲ ದೂರದ ಒಂದು ಕಾರ್ಖಾನೆಯಲ್ಲಿ, ಎರಡನೆಯ ಸಲ ಹನೂರಿನ ಆಚೆ, ಕಾಡಂಚಿನ ಕರಡಿಗುಂದದ ಒಂದು ಹೆಂಚಿನ ಮನೆಯ ಅಂಗಳದಲ್ಲಿ. ಮೊದಲ ಸಲ ನನ್ನನ್ನು ಮಾಡಿದ ನೂರಾರು ಕೈಗಳಲ್ಲಿ ಒಂದೂ ನೆನಪಿಲ್ಲ. ಎರಡನೆಯ ಸಲ ಮಾಡಿದವಳು ಒಬ್ಬ ಹೆಂಗಸು. ಅವಳ ಒಂದೊಂದು ಬೆಸುಗೆಯೂ ಇನ್ನೂ ನನ್ನ ಮೈಮೇಲಿದೆ.

ಎಂಜಿನ್ನಿನ ಬಲ ನಾಲ್ಕೂ ಚಕ್ರಕ್ಕೆ ಹೋಗುವ ಗಾಡಿ, ಎಲ್ಲಿ ಬೇಕಾದರೂ ಹತ್ತುತ್ತದೆ ಎಂದು ಹೊಗಳಿ ನನ್ನನ್ನು ಮಾರಿದರು. ಅದು ಪೂರ್ತಿ ನಿಜವಾಗಿರಲಿಲ್ಲ. ನನ್ನ ಹೊಟ್ಟೆ ನೆಲಕ್ಕೆ ತೀರ ಹತ್ತಿರವಿತ್ತು. ಎಡಬಲದ ಚಕ್ರಗಳನ್ನು ಕೂಡಿಸುವ ಆ್ಯಕ್ಸಲ್ಲುಗಳ ಕೆಳಗೆ ಮೈಭಾರ ಹೊತ್ತು ಕುಲುಕು ತಡೆಯುವ ಕಮಾನು ಪಟ್ಟಿಗಳನ್ನು ಇಳಿಬಿಟ್ಟಿದ್ದರು. ಪಟ್ಟಿಗಳ ಕೆಳಗೆ ಅವನ್ನು ಬಿಗಿದ ಬೋಲ್ಟುಗಳು. ಸಮನಾದ ರಸ್ತೆಯಲ್ಲಿ ಇದರಿಂದ ಏನೂ ತೊಂದರೆಯಿಲ್ಲ. ಕಲ್ಲು ಬಂದರೆ ಮೊದಲು ತಾಗುವುದು ಅವೇ.

ಏಳು ವರ್ಷ ಕಾಲುವೆ ಅಳೆಯುವ ಎಂಜಿನಿಯರುಗಳನ್ನು ಹೊತ್ತೆ. ಅವರು ಹೊಸ ಗಾಡಿ ತಂದಾಗ ನನ್ನನ್ನು ಹರಾಜಿಗೆ ನಿಲ್ಲಿಸಿದರು. ಅಲ್ಲಿ ನನ್ನನ್ನು ಕೊಂಡವನು ಕರಡಿಗುಂದದ ರಾಚಯ್ಯ. ಮಾತು ಕಡಿಮೆ, ಗೇರು ಬದಲಿಸುವಾಗ ಮಗುವಿನ ಕೈ ಹಿಡಿದಷ್ಟು ಮೆತ್ತಗೆ ಹಿಡಿಯುತ್ತಿದ್ದ. ಅವನ ಹೆಂಡತಿ ಶಿವಮಲ್ಲಮ್ಮನನ್ನು ಊರೆಲ್ಲ ಮಲ್ಲಮ್ಮ ಎನ್ನುತ್ತಿತ್ತು. ಮನೆಯ ಮುಂದೆ ತಗಡಿನ ಚಪ್ಪರ ಹಾಕಿಕೊಂಡು ಕಿಟಕಿಯ ಗ್ರಿಲ್ಲು, ಗೇಟು ಬೆಸೆದು ಕೊಡುವುದು ಅವಳ ಕೆಲಸ. ಸೀರೆಯ ಮೇಲೆ ಗಂಡನ ಹಳೆಯ ಅಂಗಿ ತೊಟ್ಟು, ಕಪ್ಪು ಗಾಜಿನ ಮುಖವಾಡ ಹಿಡಿದು ಕೂತರೆ ಮಾತಾಡಿಸಲು ಯಾರಿಗೂ ಧೈರ್ಯವಿರುತ್ತಿರಲಿಲ್ಲ.

ಅವರ ಮನೆಯ ಹಿಂದಿನಿಂದಲೇ ಕಾಡಿನ ದಾರಿ ಶುರುವಾಗುತ್ತಿತ್ತು. ಹನ್ನೆರಡು ಕಿಲೋಮೀಟರು ಹತ್ತಿದರೆ ಬೇಲದಪೋಡು, ಮೂವತ್ತೆಂಟು ಮನೆಗಳ ಸೋಲಿಗರ ಹಾಡಿ. ನಾನು ಅವರ ರೇಷನ್ ಅಕ್ಕಿ ಹೊತ್ತೆ, ಶಾಲೆಯ ಮೇಷ್ಟರನ್ನು ಹೊತ್ತೆ, ಅವರು ಆಯ್ದ ಸೀಗೆಕಾಯಿ, ನೆಲ್ಲಿಕಾಯಿಯ ಮೂಟೆ ಕೆಳಗಿಳಿಸಿದೆ. ಜ್ವರ ಬಂದವರನ್ನೂ ಕಾಲು ಮುರಿದವರನ್ನೂ ಇಳಿಸಿದೆ. ಆ ದಾರಿಯಲ್ಲಿ ಬೇರೆ ಯಾವ ಗಾಡಿಯೂ ಬರುತ್ತಿರಲಿಲ್ಲ.

ದಾರಿಯ ನಡುವೆ ಬೋಳುಬಂಡೆ ಎಂಬ ಜಾಗವಿತ್ತು. ಪ್ರತಿ ಮಳೆಗಾಲವೂ ಸುತ್ತಲಿನ ಮಣ್ಣು ಕೊಚ್ಚಿಹೋಗಿ ಬಂಡೆ ಇನ್ನಷ್ಟು ಮೇಲೆ ಬರುತ್ತಿತ್ತು. ಮೊದಮೊದಲು ಉಜ್ಜಿಕೊಂಡು ದಾಟುತ್ತಿದ್ದೆ. ಆಮೇಲೆ ಚಕ್ರದ ಕೆಳಗೆ ಕಲ್ಲು ಪೇರಿಸಿ ದಾಟಿಸುತ್ತಿದ್ದರು. ಐದನೆಯ ವರ್ಷದ ಆಶ್ವೀಜದಲ್ಲಿ, ಒಂದು ಮಧ್ಯಾಹ್ನ, ಅದೂ ಆಗಲಿಲ್ಲ.

ಅವತ್ತು ನನ್ನ ಹಿಂದಿನ ಸೀಟಿನಲ್ಲಿ ಕೇತಮ್ಮ ಇದ್ದಳು. ಇಪ್ಪತ್ತೆರಡರ ಹುಡುಗಿ, ಚೊಚ್ಚಲ ಬಸಿರು. ಬೆಳಗಿನಿಂದ ನೋವು ತಿನ್ನುತ್ತಿದ್ದಳು. ಬಂಡೆಯ ಮೇಲೆ ಮುಂದಿನ ಚಕ್ರಗಳು ದಾಟಿದವು. ನನ್ನ ಹೊಟ್ಟೆ ಅದರ ಮೇಲೆ ಕೂತುಬಿಟ್ಟಿತು. ಹಿಂದಿನ ಚಕ್ರಗಳು ಗಾಳಿಯಲ್ಲಿ ತಿರುಗಿದವು. ರಾಚಯ್ಯ ಹಿಂದಕ್ಕೂ ಮುಂದಕ್ಕೂ ಎಳೆದಾಡಿದ. ಕೊನೆಯ ಸಲ ಎಳೆದಾಗ ಮುಂದಿನ ಆ್ಯಕ್ಸಲ್ಲಿನೊಳಗೆ ಕಬ್ಬಿಣ ತುಂಡಾದ ಸದ್ದು ಬಂತು. ಜೊತೆಗಿದ್ದ ಗಂಡಸರು ಕಂಬಳಿಯನ್ನು ಬೊಂಬಿಗೆ ಕಟ್ಟಿ ಅವಳನ್ನು ಅದರಲ್ಲಿ ಮಲಗಿಸಿ ಓಡುತ್ತಾ ಇಳಿದರು. ಆರು ಕಿಲೋಮೀಟರು. ತಾಯಿ ಉಳಿದಳು. ಮಗು ಉಳಿಯಲಿಲ್ಲ.

ರಾಚಯ್ಯ ಆ ಗಂಡಸರ ಜೊತೆ ಓಡಿಹೋಗಿದ್ದವನು ಸಂಜೆಗೆ ಮುಂಚೆ ಒಬ್ಬನೇ ನಡೆದುಕೊಂಡು ಮತ್ತೆ ಬಂದ. ನನ್ನ ಪಕ್ಕ ಬಂಡೆಯ ಮೇಲೆ ಕೂತ. ನನ್ನನ್ನು ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು.

ಟ್ರಾಕ್ಟರಿನಿಂದ ಎಳೆಸಿ ನನ್ನನ್ನು ಅಂಗಳಕ್ಕೆ ತಂದು ಹಾಕಿದರು. ರಾಚಯ್ಯ ನನ್ನ ಕಡೆ ನೋಡುವುದನ್ನೇ ಬಿಟ್ಟ. ಊರಿನವರು ಗುಜರಿಗೆ ಹಾಕು ಎಂದರು, ಅವನೂ ಹೂಂ ಎಂದ. ಗುಜರಿಯವನು ಬರುವ ಹಿಂದಿನ ದಿನ ಗಂಡಹೆಂಡಿರ ಮಾತು ನನ್ನ ಮುಂದೆಯೇ ನಡೆಯಿತು.

"ನಾಳೆ ಬತ್ತಾನೆ. ಕೊಟ್ಬುಡ್ತೀನಿ. ಇದ್ನ ನೋಡ್ಕಂಡು ಇರಕ್ಕಾಗಲ್ಲ ನಂಗೆ," ಎಂದ ರಾಚಯ್ಯ.

ಮಲ್ಲಮ್ಮ ಗೇಟಿನ ಸರಳು ಉಜ್ಜುತ್ತಿದ್ದಳು. ಕೈ ನಿಲ್ಲಿಸಲಿಲ್ಲ. "ಕೊಟ್ರೆ ಪೋಡಿಗೆ ಯಾವ ಗಾಡಿ ಓಯ್ತದೆ? ಬಂಡೆ ತಗ್ಗಕಿಲ್ಲ. ಗಾಡಿನೇ ಎತ್ತರ ಆಗ್ಬೇಕು."

"ಯಾರ್ ಮಾಡಾರು ಅದ್ನ?"

"ನಾನು."

ಅವನು ಎದ್ದು ಒಳಗೆ ಹೋದ. ಮಾರನೆಯ ದಿನ ಗುಜರಿಯವನು ಬಂದಾಗ ಮಲ್ಲಮ್ಮ ನನ್ನ ಚಕ್ರಗಳನ್ನೆಲ್ಲ ಬಿಚ್ಚಿ, ನನ್ನನ್ನು ನಾಲ್ಕು ಮರದ ದಿಮ್ಮಿಗಳ ಮೇಲೆ ನಿಲ್ಲಿಸಿಯಾಗಿತ್ತು. ಒಯ್ಯುವುದು ಹೇಗೆಂದು ತಿಳಿಯದೆ ಅವನು ಹಿಂತಿರುಗಿದ.

ಆಮೇಲೆ ಅವಳು ನನ್ನ ಕೆಳಗೆ ಗೋಣಿಚೀಲ ಹಾಸಿ ಮಲಗಿ ನೋಡಲು ಶುರುಮಾಡಿದಳು. ಮೂರು ದಿನ ಬರೀ ನೋಡಿದಳು. ಸೀಮೆಸುಣ್ಣದಿಂದ ಅಂಗಳದ ಕಲ್ಲುಚಪ್ಪಡಿಯ ಮೇಲೆ ನನ್ನ ಕೆಳಮೈಯ ಚಿತ್ರ ಬರೆದಳು, ಒರೆಸಿದಳು, ಮತ್ತೆ ಬರೆದಳು. ಅವಳ ಯೋಚನೆ ಇಷ್ಟೇ: ಆ್ಯಕ್ಸಲ್ಲಿನ ಕೆಳಗಿರುವ ಕಮಾನು ಪಟ್ಟಿಯನ್ನು ತಂದು ಆ್ಯಕ್ಸಲ್ಲಿನ ಮೇಲೆ ಕೂರಿಸಿದರೆ, ಕಲ್ಲಿಗೆ ತಾಗುವ ಬೋಲ್ಟುಗಳೂ ಹೋದವು, ಗಾಡಿಯ ಮೈಯೂ ಅರ್ಧ ಅಡಿ ಮೇಲೆದ್ದಿತು. ಮೈ ಎದ್ದರೆ ದೊಡ್ಡ ಚಕ್ರ ಹಿಡಿಸುತ್ತದೆ. ದೊಡ್ಡ ಚಕ್ರದ ಭಾರಕ್ಕೆ ನನ್ನ ಸಣ್ಣ ಆ್ಯಕ್ಸಲ್ಲು ತಡೆಯುವುದಿಲ್ಲ, ದಪ್ಪನೆಯದು ಬೇಕು.

ಕೊಳ್ಳೇಗಾಲದಲ್ಲಿ ಯೂನುಸ್ ಎಂಬ ಹಳೆಯ ಮೆಕ್ಯಾನಿಕ್ ಇದ್ದ. ಅವನನ್ನು ಕರೆತಂದಳು. ಅವನು ನನ್ನನ್ನೂ ಕಲ್ಲಿನ ಮೇಲಿನ ಚಿತ್ರವನ್ನೂ ನೋಡಿ ಗಡ್ಡ ಕೆರೆದುಕೊಂಡ.

"ಅಕ್ಕ, ಇದು ಕಿಟಕಿ ಗ್ರಿಲ್ಲಲ್ಲ. ಗ್ರಿಲ್ಲಿನ ಬೆಸುಗೆ ಬಿಟ್ರೆ ಕಿಟಕಿ ಅಲ್ಲಾಡ್ತದೆ. ಇದು ಬಿಟ್ರೆ ಜನ ಸಾಯ್ತಾರೆ."

"ಅದ್ಕೇ ನಿಮ್ಮ ಕರೆಸಿರದು ಯೂನುಸಣ್ಣ. ಬಿಡದಂಗೆ ಬೆಸೆಯದು ಎಂಗೆ ಅಂತ ಯೋಳ್ಕೊಡಿ."

ಅವನು ಒಪ್ಪಿದ ಎನ್ನಲಾರೆ, ಆದರೆ ಹೋಗಲೂ ಇಲ್ಲ. ದಪ್ಪ ಕಬ್ಬಿಣಕ್ಕೆ ಮೊದಲು ಕಾವು ಕೊಡಬೇಕು, ಒಂದೇ ಸಲ ತುಂಬಬಾರದು, ಪದರ ಪದರವಾಗಿ ಹಾಕಿ ಬೂದಿಯಲ್ಲಿ ಮುಚ್ಚಿ ನಿಧಾನವಾಗಿ ಆರಿಸಬೇಕು ಎಂದು ಕಲಿಸಿದ. ಅವಳು ಚೂರುಪಾರು ಕಬ್ಬಿಣ ಬೆಸೆದು, ಸುತ್ತಿಗೆಯಲ್ಲಿ ಒಡೆದು ನೋಡಿದಳು. ಬೆಸುಗೆ ಬಿಟ್ಟರೆ ಮತ್ತೆ ಬೆಸೆದಳು. ಕಬ್ಬಿಣ ಹರಿದು ಬೆಸುಗೆ ಹಾಗೇ ಉಳಿಯುವವರೆಗೂ ನನ್ನನ್ನು ಮುಟ್ಟಲಿಲ್ಲ.

ಮೈಸೂರಿನ ಗುಜರಿಯಲ್ಲಿ ಅಪಘಾತವಾಗಿ ಮುದ್ದೆಯಾದ ಒಂದು ದೊಡ್ಡ ಪಿಕಪ್ಪು ಸಿಕ್ಕಿತು. ಅದೂ ನಾಲ್ಕು ಚಕ್ರಕ್ಕೆ ಬಲ ಹೋಗುವ ಗಾಡಿಯೇ. ಅದರ ಎರಡೂ ಆ್ಯಕ್ಸಲ್ಲುಗಳು ನನ್ನ ಅಂಗಳಕ್ಕೆ ಬಂದವು. ನನ್ನ ಹಳೆಯ ಆ್ಯಕ್ಸಲ್ಲುಗಳನ್ನು ಬಿಚ್ಚಿ ಪಕ್ಕಕ್ಕಿಟ್ಟಾಗ ನನಗೆ ಭಯವಾಯಿತು. ಕಾಲು ಕಳೆದುಕೊಂಡ ಮೇಲೆ ನಾನು ನಾನೇನಾ? ಆದರೆ ಅವು ಎಷ್ಟು ಸಣಕಲು ಎಂದು ಹೊರಗಿನಿಂದ ನೋಡಿದಾಗಲೇ ತಿಳಿಯಿತು. ಇವನ್ನು ನಂಬಿ ಜನ ನನ್ನೊಳಗೆ ಕೂತಿದ್ದರು!

ಎರಡು ತಿಂಗಳು ಹಿಡಿಯಿತು. ಪಟ್ಟಿ ಕೂರಲು ಆ್ಯಕ್ಸಲ್ಲಿನ ಮೇಲೆ ಪೀಠಗಳನ್ನು ಬೆಸೆದಳು. ಒಂದು ಸಲ ಅವುಗಳ ಓರೆ ತಪ್ಪಿತು. ಎಂಜಿನ್ನಿನ ಬಲ ತರುವ ಶಾಫ್ಟು ಸೊಟ್ಟಗೆ ಕೂತು, ತಿರುಗಿಸಿದರೆ ಗಡಗಡ ನಡುಗಿತು. ಎಂಟು ದಿನದ ಬೆಸುಗೆಯನ್ನು ಅವಳೇ ಉಜ್ಜಿ ತೆಗೆದಳು, ಮತ್ತೆ ಶುರುಮಾಡಿದಳು. ಬ್ರೇಕಿನ ಕೊಳವೆಗಳು ಗಿಡ್ಡವಾದವು, ಉದ್ದದವು ತಂದಳು. ಶಾಫ್ಟು ಸಾಲದಾಯಿತು, ಯೂನುಸ್ ಅದನ್ನು ಲೇತಿಗೆ ಕೊಟ್ಟು ಉದ್ದ ಮಾಡಿಸಿದ. ಅಂಗಳದ ಮುಂದೆ ಹೋಗುವವರು ನಿಂತು ನಗುತ್ತಿದ್ದರು. ಹೆಂಗಸು ಜೀಪಿಗೆ ಮರಗಾಲು ಕಟ್ಟುತ್ತಿದ್ದಾಳೆ ಎಂದು ಟೀ ಅಂಗಡಿಯಲ್ಲಿ ಮಾತಾಯಿತಂತೆ. ಮಲ್ಲಮ್ಮ ಮುಖವಾಡ ಕೆಳಗಿಳಿಸಿ ಬೆಂಕಿ ಹಚ್ಚುತ್ತಿದ್ದಳು. ಆ ಬೆಳಕನ್ನು ಬರಿಗಣ್ಣಲ್ಲಿ ನೋಡಲಾಗದೆ ನಗುವವರೇ ಮುಖ ತಿರುಗಿಸಬೇಕಾಗುತ್ತಿತ್ತು.

ರಾಚಯ್ಯ ಮಾತ್ರ ಜಗಲಿಯಲ್ಲಿ ಕೂತು ಕಾಡಿನ ಕಡೆ ನೋಡುತ್ತಿದ್ದ. ಎರಡು ತಿಂಗಳಲ್ಲಿ ಒಮ್ಮೆಯೂ ಸ್ಪ್ಯಾನರು ಮುಟ್ಟಲಿಲ್ಲ.

ನಾನು ಸಿದ್ಧವಾದ ಬೆಳಿಗ್ಗೆ ಅವಳು ಅವನನ್ನು ಕೇಳಲೂ ಇಲ್ಲ. ಸರಿಯಾಗಿ ಓಡಿಸಲು ಬಾರದಿದ್ದರೂ ತಾನೇ ಹತ್ತಿ ಕೂತಳು. ಮನೆಯ ಪಕ್ಕದ ಬೀಳಿನಲ್ಲಿ ಎರಡು ಸುತ್ತು ಹಾಕಿದೆವು. ಮೂರನೆಯದರಲ್ಲಿ ನಾನು ಒಂದು ಗುಂಡಿಗೆ ಇಳಿದೆ. ಸ್ಟೇರಿಂಗು ಅವಳ ಕೈಯಿಂದ ಕಿತ್ತುಕೊಂಡು ತಾನೇ ತಿರುಗಿತು. ನಾನು ಬದುವಿಗೆ ಗುದ್ದಿ ನಿಂತೆ. ಅವಳ ಹಣೆ ಒಡೆದು ರಕ್ತ ಬಂತು.

ರಾಚಯ್ಯ ಜಗಲಿಯಿಂದ ಓಡಿಬಂದ. ಮೊದಲು ಅವಳ ಹಣೆ ನೋಡಿದ, ತನ್ನ ಟವೆಲ್ಲು ಸುತ್ತಿದ. ಆಮೇಲೆ ಬಗ್ಗಿ ನನ್ನ ಮುಂದಿನ ಕೆಳಮೈ ನೋಡಿದ. ಬಹಳ ಹೊತ್ತು ನೋಡಿದ.

"ಸ್ಟೇರಿಂಗ್ ರಾಡು ಓರೆ ಆಗ್ಯದೆ," ಎಂದ. "ಗಾಡಿ ಎತ್ತಿದೀಯೆ, ರಾಡು ಎತ್ತಿಲ್ಲ. ಗುಂಡಿಗೆ ಇಳಿದಾಗೆಲ್ಲ ಅದು ಚಕ್ರನ ನೂಕ್ತದೆ."

"ಎರಡು ತಿಂಗ್ಳಿಂದ ಕಾಣ್ತಿತ್ತಾ ನಿಮ್ಗೆ?"

"ಇವತ್ತು ಕಾಣ್ತು."

ಅವನು ನನ್ನ ಕೆಳಗೆ ಮಲಗಿದ. ಗಂಡಹೆಂಡಿರು ಸೇರಿ ರಾಡಿನ ತುದಿಯನ್ನು ಹಿಡಿಯುವ ತೋಳನ್ನು ಹೊಸದಾಗಿ ಮಾಡಿ ಮೇಲೆ ಕೂರಿಸಿದರು. ರಾಡು ನೆಲಕ್ಕೆ ಸಮನಾಯಿತು. ಆಮೇಲೆ ಎಂಥ ಗುಂಡಿಗಿಳಿದರೂ ಸ್ಟೇರಿಂಗು ಹಿಡಿದವರ ಮಾತು ಮೀರಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಕಾಡಿನ ದಾರಿ ಹಿಡಿದೆವು. ಬೋಳುಬಂಡೆಯ ಮುಂದೆ ರಾಚಯ್ಯ ನನ್ನನ್ನು ನಿಲ್ಲಿಸಿದ. ಮೊದಲನೆಯ ಗೇರು ಹಾಕಿದ, ತೆಗೆದ, ಮತ್ತೆ ಹಾಕಿದ. ಮಲ್ಲಮ್ಮ ಇಳಿದು ಬಂಡೆಯ ಆಚೆಗೆ ಹೋಗಿ ನಿಂತು, ಬಗ್ಗಿ ನನ್ನ ಹೊಟ್ಟೆ ನೋಡುತ್ತಾ ಬಾ ಎಂದು ಕೈ ಆಡಿಸಿದಳು. ನಾನು ಹತ್ತಿದೆ. ಮುಂದಿನ ಚಕ್ರ ದಾಟಿತು. ಹೊಟ್ಟೆ ಬಂಡೆಯ ಮೇಲೆ ಬಂತು. ನಡುವೆ ಒಂದು ಅಂಗೈಯಗಲ ಬೆಳಕು ಉಳಿದಿತ್ತು. ಹಿಂದಿನ ಚಕ್ರ ಬಂಡೆಯನ್ನು ತುಳಿದು ಆಚೆಗಿಳಿಯಿತು. ಕಬ್ಬಿಣ ಒಂದು ಸದ್ದೂ ಮಾಡಲಿಲ್ಲ.

ಹಾಡಿಯಲ್ಲಿ ಜನ ಸೇರಿದರು. ಕೇತಮ್ಮನೂ ಬಂದಳು. ನನ್ನನ್ನು ಸುತ್ತು ಬಂದು ನೋಡಿ ಮಲ್ಲಮ್ಮನನ್ನು ಕೇಳಿದಳು.

"ಅವತ್ತು ಯಾಕ ಇಂಗಿರ್ನಿಲ್ಲ ಈ ಗಾಡಿ?"

"ಅವತ್ತು ನಂಗೂ ಗೊತ್ತಿರ್ನಿಲ್ಲ ಕನವ್ವ," ಎಂದಳು ಮಲ್ಲಮ್ಮ. ಕೇತಮ್ಮ ತಿರುಗಿ ನಡೆದುಬಿಟ್ಟಳು.

ಕಾಗದಪತ್ರ ಸರಿಯಿರಲಿ ಎಂದು ಮಲ್ಲಮ್ಮ ತಾನೇ ಅರ್ಜಿ ಬರೆದು ವಾಹನ ತಪಾಸಣೆಯ ಅಧಿಕಾರಿಯನ್ನು ಕರೆಸಿದಳು. ಅವರು ಒಳ್ಳೆಯವರೇ. ಬೆಸುಗೆಗಳನ್ನು ಒಂದೊಂದಾಗಿ ಟಾರ್ಚು ಹಾಕಿ ನೋಡಿದರು, ಕೆಲಸ ಚೆನ್ನಾಗಿದೆ ಎಂದೂ ಹೇಳಿದರು. ಆಮೇಲೆ ಕಾಗದ ಮಡಚಿದರು.

"ಏನು ಮಾಡಲಮ್ಮ, ಕಂಪನಿಯವರು ಮಾಡಿದ ಗಾಡಿ ಅಲ್ಲವಲ್ಲ ಇದು."

"ಅಲ್ಲ ಸಾರ್. ಕಂಪನಿಯವ್ರು ಬೇಲದಪೋಡು ನೋಡಿಲ್ಲ."

ಅವರಿಗೆ ನಗು ಬಂತು. ಆದರೂ ತೀರ್ಮಾನ ಬದಲಾಗಲಿಲ್ಲ. ತಾರು ರಸ್ತೆಗೆ ನಾನು ಕಾಲಿಡುವಂತಿಲ್ಲ. ಇಡಬೇಡ ಎಂದರೆ ಬೇಡ, ನನಗೇನು. ತಾರು ರಸ್ತೆಗೆ ಸಾವಿರ ಗಾಡಿಗಳಿವೆ. ನನ್ನ ದಾರಿಗೆ ನಾನೊಬ್ಬನೇ. ಅಂದಿನಿಂದ ಕಾಡಿನಿಂದ ಇಳಿಸಿದವರನ್ನು ಮನೆಯ ಅಂಗಳದಲ್ಲಿ ಆಂಬುಲೆನ್ಸಿಗೆ ಒಪ್ಪಿಸುವುದು ಎಂದು ರಾಚಯ್ಯ ಏರ್ಪಾಡು ಮಾಡಿಕೊಂಡ.

ಆ ವರ್ಷದ ಶ್ರಾವಣದಲ್ಲಿ ಹಾಡಿಯ ಮಾದೇವಿಗೆ ನೋವು ಕಾಣಿಸಿಕೊಂಡಿತು. ಮಳೆ ಬಿಟ್ಟಿರಲಿಲ್ಲ. ಅವಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತವಳು ಅವಳ ನಾದಿನಿ. ಅದು ಕೇತಮ್ಮ. ಅವತ್ತಿನಿಂದ ಈ ಗಾಡಿ ಹತ್ತುವುದಿಲ್ಲ ಎಂದಿದ್ದವಳು ಈಗ ಹತ್ತಿದ್ದಳು. ಬೋಳುಬಂಡೆ ಹತ್ತಿರ ಬಂದಾಗ ಅವಳು ಕಣ್ಣು ಮುಚ್ಚಿ ನನ್ನ ಕಂಬಿಯನ್ನು ಹಿಡಿದಳು. ಉಗುರು ಬಣ್ಣಕ್ಕಿಳಿಯುವಷ್ಟು ಬಿಗಿಯಾಗಿ ಹಿಡಿದಳು. ನಾನು ಅವಸರ ಮಾಡಲಿಲ್ಲ. ಒಂದೊಂದೇ ಚಕ್ರ ಊರಿ ಇಳಿದೆ. ಬಂಡೆ ದಾಟಿತು, ಇಳಿಜಾರು ಮುಗಿಯಿತು, ಆಂಬುಲೆನ್ಸಿನ ಬಾಗಿಲು ತೆರೆದಿತ್ತು.

ಆಸ್ಪತ್ರೆಯನ್ನು ನಾನು ನೋಡಿಲ್ಲ, ಆ ಮಗುವಿನ ಅಳುವನ್ನೂ ಕೇಳಲಿಲ್ಲ. ಐದು ದಿನದ ಮೇಲೆ ಅದೇ ಅಂಗಳದಿಂದ ಮೂವರನ್ನು ಮೇಲಕ್ಕೆ ಹೊತ್ತೆ. ಮಗು ಕೇತಮ್ಮನ ಮಡಿಲಲ್ಲಿತ್ತು. ಈ ಸಲ ಬಂಡೆಯ ಮೇಲೆ ಅವಳು ಕಣ್ಣು ಮುಚ್ಚಲಿಲ್ಲ.

ಇನ್ನೂ ಹದಿಮೂರು ವರ್ಷ ನಾನು ಆ ದಾರಿ ತುಳಿದೆ. ಮಲ್ಲಮ್ಮನ ಒಂದು ಬೆಸುಗೆಯೂ ಬಿಡಲಿಲ್ಲ. ಆಮೇಲೆ ಸಿಡಿಮದ್ದು ಇಟ್ಟು ಬೋಳುಬಂಡೆಯನ್ನು ಒಡೆದರು, ಕಾಂಕ್ರೀಟು ರಸ್ತೆ ಬಂತು, ಈಗ ಬೇಲದಪೋಡಿಗೆ ಮಿನಿಬಸ್ಸು ಹೋಗುತ್ತದೆ. ಒಳ್ಳೆಯದೇ. ಅದಕ್ಕೆ ನಾನು ಸಂಕಟಪಡುವುದಿಲ್ಲ. ನನ್ನ ಎಂಜಿನ್ನು ನಿಂತು ಮೂರು ವರ್ಷವಾಯಿತು. ಚಪ್ಪರದ ಪಕ್ಕ, ಹೊಂಗೆ ಮರದ ಕೆಳಗೆ ನಿಂತಿದ್ದೇನೆ. ಮೈ ತುಕ್ಕು ಹಿಡಿದಿದೆ.

ಸತ್ತ ಗಾಡಿಯನ್ನು ಯಾಕೆ ಇಟ್ಟುಕೊಂಡಿದ್ದೀರಿ ಎಂದು ಬಂದವರೆಲ್ಲ ಕೇಳುತ್ತಾರೆ. ಹೋದ ವಾರ ಬಂದವಳು ಕೇಳಲಿಲ್ಲ. ಅವಳ ಹೆಸರು ಚಿಕ್ಕತಾಯಿ, ಬೆಟ್ಟದ ಆಚೆಯ ಮಗ್ಗುಲಿನ ಇನ್ನೊಂದು ಹಾಡಿಗೆ ಜೀಪು ಓಡಿಸುತ್ತಾಳೆ. ಅಲ್ಲಿಗೆ ಇನ್ನೂ ರಸ್ತೆಯಿಲ್ಲ. ತನ್ನ ಗಿಡ್ಡ ಜೀಪನ್ನು ನನ್ನ ಪಕ್ಕ ನಿಲ್ಲಿಸಿದಳು. ಮಲ್ಲಮ್ಮನಿಗೆ ಈಗ ಕಣ್ಣು ಮಂಜು, ಬೆಸೆಯಲಾಗುವುದಿಲ್ಲ. ಆದರೆ ಒಂದು ಗೋಣಿಚೀಲ ತಂದು ನನ್ನ ಕೆಳಗೆ ಹಾಸಿದಳು. ಚಿಕ್ಕತಾಯಿ ಅಂಗಾತ ಮಲಗಿ ಒಳಗೆ ಸರಿದಳು, ಪೀಠದ ಓರೆಯನ್ನು ಅಳೆದಳು, ಅಂಕಿಗಳನ್ನು ಕೂಗಿ ಹೇಳಿದಳು. ರಾಚಯ್ಯ ಜಗಲಿಯಲ್ಲಿ ಕೂತು ಬರೆದುಕೊಂಡ. ಹೀಗೆ ನನ್ನ ಕೆಳಗೆ ಮಲಗಿ ಹೋದ ಆರನೆಯವಳು ಇವಳು. ಬೇರೆ ಐದು ಹಾಡಿಗಳ ಐದು ಜೀಪುಗಳು ಈಗ ನನ್ನಷ್ಟೇ ಎತ್ತರ.

ನಾನು ಸತ್ತಿದ್ದೇನೆ ಎನ್ನುವವರು ಮೇಲಿನಿಂದ ತುಕ್ಕು ನೋಡಿ ಹೋಗುತ್ತಾರೆ. ಅಷ್ಟು ದೂರದಿಂದ ನನ್ನ ಲೆಕ್ಕ ಸಿಗುವುದಿಲ್ಲ. ನನ್ನನ್ನು ಗುಜರಿಗೆ ಹಾಕಬೇಕು ಎನ್ನುವವರು ಮೊದಲು ಒಂದು ಸಲ ಈ ನೆಲದ ಮೇಲೆ ಅಂಗಾತ ಮಲಗಿ, ಕೆಳಗಿನಿಂದ ನೋಡಲಿ.