ಮರಳಿನ ಪಾಲು

ಮೇಲಿನ ಹಳ್ಳಿಯ ಹತ್ತಿರ ನಮ್ಮ ಹೊಳೆಗೆ ಅಣೆಕಟ್ಟು ಕಟ್ಟುವಾಗ, ಊರಿನ ಪರವಾಗಿ ಒಪ್ಪಿಗೆ ಕಾಗದಕ್ಕೆ ಸಹಿ ಹಾಕಿದವನು ನಾನೇ. ಅದನ್ನು ಬೇರೆ ಯಾರ ತಲೆಗೂ ಕಟ್ಟುವುದಿಲ್ಲ. ನಾನು ನೀರುಗಂಟಿ. ಕೆರೆಯ ತೂಬು ಎತ್ತುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಹೇಳುವುದು ನಮ್ಮ ಮನೆತನದ ಕೆಲಸ. ಏಳನೇ ಕ್ಲಾಸಿನವರೆಗೆ ಓದಿದ್ದೇನೆ. ಎಂಬತ್ತಾರರಲ್ಲಿ ಇಂಜಿನಿಯರ್ ತಂದ ಕಾಗದವನ್ನು ಎರಡು ಸಲ ಓದಿದೆ. ಅಣೆಕಟ್ಟು ತುಂಬಿ ಹೆಚ್ಚಾದ ನೀರು ಕೋಡಿಯ ಮೇಲೆ ಹರಿದು ಕೆಳಗಿನ ಕೆರೆಗೆ ಹೋಗುತ್ತದೆ ಎಂದಿತ್ತು. ನಮ್ಮ ಕೆರೆ ತುಂಬುವುದು ಹಸ್ತೆ ಮಳೆಯ ದೊಡ್ಡ ನೀರಿನಿಂದ. ಆ ನೀರು ಹೇಗೂ ಬರುತ್ತದಲ್ಲ ಎಂದುಕೊಂಡೆ. ಅದಕ್ಕೂ ಮುಂಚೆ ಆಷಾಢದಿಂದ ಹೊಳೆಯಲ್ಲಿ ಬರುವ ಸಣ್ಣ ನೀರನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಅದು ಯಾವತ್ತೂ ಕೆರೆಯ ತನಕ ಬಂದದ್ದಿಲ್ಲ, ದಾರಿಯಲ್ಲೇ ಇಂಗಿಹೋಗುತ್ತಿತ್ತು.

ಅಣೆಕಟ್ಟು ಮುಗಿದ ಮೇಲೆ ಎರಡು ವರ್ಷ ಮಳೆಯೇ ಸರಿಯಾಗಿ ಆಗಲಿಲ್ಲ. ತೊಂಬತ್ತೊಂದರಲ್ಲಿ ಅದು ತುಂಬುತ್ತಾ ಬಂತು. ನಾನು ಮನೆಮನೆಗೆ ಹೋಗಿ ಭತ್ತದ ಸಸಿ ಹಾಕಿ ಎಂದು ಹೇಳಿದೆ. ಬಾವಿ ನೀರು ಸೇದಿ ಸೇದಿ ಅರವತ್ತು ಎಕರೆಗಾಗುವಷ್ಟು ಸಸಿ ಬೆಳೆಸಿದರು. ಹಸ್ತೆ ಮಳೆ ಬಿತ್ತು, ಅಣೆಕಟ್ಟು ತುಂಬಿ ಒಂದು ಹಗಲು ಪೂರ್ತಿ ಕೋಡಿ ಹರಿಯಿತು. ಮಾರನೆಯ ದಿನ ಊರೇ ನಮ್ಮ ಕೆರೆ ಏರಿಯ ಮೇಲೆ ನಿಂತು ಕಾದಿತು. ನೀರು ಬರಲಿಲ್ಲ.

"ಏನಪ್ಪ ಬಯ್ಯಪ್ಪ, ನಿನ್ನ ನೀರಿಗೆ ಚಿಂತಾಮಣೀಲಿ ಬಸ್ಸು ತಪ್ಪೋಯ್ತಾ?" ಎಂದಳು ಗಂಗುಲಮ್ಮ. ಎರಡು ಎಕರೆಯ ಒಡತಿ, ನಾಲಿಗೆ ಮಾತ್ರ ಇಪ್ಪತ್ತು ಎಕರೆಯದು.

"ಬಸ್ಸು ತಪ್ಪಿದ್ರೆ ನಡೆಸ್ಕೊಂಡು ಬರ್ತೀನಿ. ನೀನು ಸಸಿ ಒಣಗಿಸಬೇಡ" ಎಂದು ಹೇಳಿ ಹೊಳೆಯೊಳಗೆ ಇಳಿದು ಮೇಲಕ್ಕೆ ನಡೆದೆ.

ಅಣೆಕಟ್ಟಿನಿಂದ ನಮ್ಮ ಕೆರೆಗೆ ಮೂರು ಮೈಲಿ. ಎರಡು ಮೈಲಿ ನಡೆದ ಮೇಲೆ ನೀರು ಎಲ್ಲಿ ನಿಂತಿತ್ತೆಂದು ಗೊತ್ತಾಯಿತು. ಅಲ್ಲಿಂದ ಕೆಳಗೆ ಮರಳನ್ನು ಬಗೆದು ಮೊಣಕೈ ತನಕ ಕೈ ಹಾಕಿದೆ. ಒಣ ಹಿಟ್ಟಿನ ಹಾಗಿತ್ತು. ಹಿಂದೆ ಈ ತಿಂಗಳಲ್ಲಿ ಗೇಣುದ್ದ ಬಗೆದರೆ ನೀರು ಜಿನುಗುತ್ತಿತ್ತು. ಆಷಾಢದ ಸಣ್ಣ ನೀರು ಮರಳಿನ ಹೊಟ್ಟೆ ತುಂಬಿಸಿಟ್ಟರೆ, ಹಸ್ತೆಯ ನೀರು ಅದರ ಮೇಲೆ ಜಾರಿಕೊಂಡು ಕೆರೆಗೆ ಬರುತ್ತಿತ್ತು. ಈಗ ಸಣ್ಣ ನೀರೆಲ್ಲ ಅಣೆಕಟ್ಟಿನಲ್ಲಿ ನಿಂತುಬಿಟ್ಟಿದೆ. ಅಪ್ಪನ ಕಾಲದಿಂದ ಹೊಳೆ ನೋಡಿಕೊಂಡು ಬಂದ ನನಗೆ ಇಷ್ಟು ಹೊಳೆದಿರಲಿಲ್ಲ. ನನ್ನ ಮೇಲೆ ನನಗೇ ಸಿಟ್ಟು ಬಂತು.

ಮರುದಿನ ಬೆಳಗ್ಗೆ ಚಿಕ್ಕಬಳ್ಳಾಪುರದ ಆಫೀಸಿಗೆ ಹೋದೆ. ತಳಕ್ಕೆ ಮೊಳೆ ಹೊಡೆದು ತೂತು ಮಾಡಿದ ಎರಡು ಎಣ್ಣೆ ಡಬ್ಬ ಕೈಯಲ್ಲಿದ್ದವು. ಒಂದರಲ್ಲಿ ಒಣ ಮರಳು, ಇನ್ನೊಂದರಲ್ಲಿ ನೆನೆದ ಮರಳು. ಎರಡನ್ನೂ ಇಂಜಿನಿಯರ್ ಮೇಜಿನ ಮೇಲಿಟ್ಟು ಒಂದೊಂದು ಲೋಟ ನೀರು ಸುರಿದೆ. ಒಣ ಡಬ್ಬ ಎಲ್ಲವನ್ನೂ ಕುಡಿದುಬಿಟ್ಟಿತು. ನೆನೆದ ಡಬ್ಬದ ತಳದಿಂದ ನೀರು ಮೇಜಿನ ತುಂಬ ಹರಿಯಿತು.

"ಏನ್ರೀ ಇದು, ಫೈಲೆಲ್ಲ ನೆಂದೋಯ್ತು."

"ಫೈಲು ಒಣಗುತ್ತೆ ಸ್ವಾಮಿ. ನಮ್ಮ ಸಸಿ ಒಣಗಿದ್ರೆ ಮತ್ತೆ ಹಸಿರಾಗಲ್ಲ. ಡಬ್ಬ ನೋಡಿ."

ನೋಡಿದರು. ಖುರ್ಚಿ ಹಿಂದೆ ಸರಿಸಿ ಮತ್ತೊಮ್ಮೆ ನೋಡಿದರು. ಅಣೆಕಟ್ಟಿನ ತಳದಲ್ಲಿ ಹೂಳು ಬಿಡಲು ಒಂದು ಗೇಟಿತ್ತು. ಅದನ್ನು ಎಂಟು ದಿನ ಎತ್ತಿಡಬೇಕೆಂದು ಕೇಳಿದೆ. "ಮೂರು ದಿನ ಮರಳಿಗೆ, ಐದು ದಿನ ಕೆರೆಗೆ" ಎಂದೆ.

"ಎಂಟೇ ದಿನ. ಒಂಬತ್ತನೇ ದಿನ ನಾನೇ ನಿಂತು ಮುಚ್ಚಿಸ್ತೀನಿ" ಎಂದು ಆರ್ಡರ್ ಬರೆದುಕೊಟ್ಟರು.

ಗೇಟು ನೋಡಿಕೊಳ್ಳುವವನು ನಮ್ಮ ಅಕ್ಕನ ಗಂಡ ಕೋನಪ್ಪ, ಮೇಲಿನ ಹಳ್ಳಿಯವನು. ಅವನು ಗೇಟು ಎತ್ತಿದ. ನಾನು ನೀರಿನ ಮುಂದೆ ಮುಂದೆ ನಡೆದೆ. ಕೋಡಿಯ ನೀರು ಹರಿದಿದ್ದ ಕಡೆಯೂ ಮರಳು ಮೇಲೆ ಮೇಲೆ ಮಾತ್ರ ನೆಂದಿತ್ತು, ಮೊದಲ ದಿನ ಅರ್ಧ ಮೈಲಿ ಸಾಗಿತು. ಎರಡನೇ ದಿನ ಅಷ್ಟೂ ಇಲ್ಲ. ಮೂರು ದಿನ ಮುಗಿದರೂ ಅರ್ಧ ದಾರಿ ದಾಟಿರಲಿಲ್ಲ. ನಾಲ್ಕನೇ ದಿನ ಬೆಳಗ್ಗೆ ಕೋನಪ್ಪ ದಡದ ಮೇಲೆ ಬಂದು ನಿಂತ.

"ಏನ್ ಬಾಮೈದ, ಮರಳಲ್ಲಿ ನಾಟಿ ಮಾಡ್ತೀಯಾ?"

"ಇಳಿದು ಬಂದು ಮಾತಾಡು ಬಾವ."

"ಗೇಟು ಇಳಿಸ್ತೀನಿ ಅಂತ ಹೇಳೋಕೆ ಬಂದೆ. ನಮ್ಮೂರ ಯಜಮಾನ ವೆಂಕಟರಾಯಪ್ಪ ಊರನ್ನೆಲ್ಲ ಕಟ್ಟಿಕೊಂಡು ಗೇಟಿನ ಹತ್ರ ಕೂತವ್ನೆ. ನಮ್ಮ ನೀರು ಮರಳಿಗೆ ಸುರೀತಾವ್ರೆ ಅಂತಾನೆ. ಮೂರು ದಿನ ಅಂದಿದ್ದೆ ನೀನು."

"ತಪ್ಪು ಹೇಳಿದ್ದೆ. ಐದು ಬೇಕು. ನೀನೂ ನೀರುಗಂಟಿ ಮಗನೇ ಅಲ್ವಾ, ಕೈ ಹಾಕಿ ನೋಡು."

ಅವನು ಗೊಣಗುತ್ತಾ ಇಳಿದ. ನೀರಿನ ಹಿಂದೆ ಒಂದು ಕಡೆ ಕೈ ಹಾಕಿದ, ಗಟ್ಟಿಯಾಗಿ ನೆಂದಿತ್ತು. ಮುಂದೆ ಒಣಗಿತ್ತು. ಆಮೇಲೆ ಅವನೇ ಕೆಳಗೆ ನಡೆಯುತ್ತಾ ಹೋಗಿ ಹೊಳೆ ಕಿರಿದಾಗುವ ಕಡೆ ಹಿಮ್ಮಡಿಯಿಂದ ಒದ್ದ. ಒಂದು ಗೇಣು ಮರಳಿನ ಕೆಳಗೆ ಬಂಡೆ ಸದ್ದು ಮಾಡಿತು.

"ಇಲ್ಲಿಂದ ಕೆಳಗೆಲ್ಲ ಹಿಂಗೇನಾ?"

"ಕೆರೆ ತನಕ."

"ಹಂಗಾದ್ರೆ ಇಲ್ಲಿಗೆ ಬಂದ ನೀರು ಓಡುತ್ತೆ."

"ಅದನ್ನೇ ಹೇಳ್ತಿರೋದು."

ಕೋನಪ್ಪ ಕೈಯ ಮರಳನ್ನು ಪಂಚೆಗೆ ಒರೆಸಿಕೊಂಡ. "ನಾನು ಕೈವಾರಕ್ಕೆ ಹೋಗ್ತೀನಿ ಕಣಪ್ಪ. ಹರಕೆ ಅಂತ ಹೇಳ್ತೀನಿ. ಗೇಟಿನ ಬೀಗದ ಕೈ ನನ್ನ ಉಡಿದಾರದಲ್ಲೇ ಇರುತ್ತೆ, ಅದನ್ನ ಯಾರಿಗೂ ಕೊಡೋಂಗಿಲ್ಲ. ಆರ್ಡರಿನ ಎಂಟು ದಿನ ತುಂಬಿದ ಮೇಲೆ ಬರ್ತೀನಿ. ಬೈಗುಳ ನಿಮ್ಮಕ್ಕ ತಿಂತಾಳೆ."

"ಅವಳು ವಾಪಸ್ಸು ಕೊಡ್ತಾಳೆ ಬಿಡು."

ಐದನೇ ದಿನ ಸಾಯಂಕಾಲ ನೀರು ಬಂಡೆಯ ಮೇಲೆ ಸದ್ದು ಮಾಡುತ್ತಾ ಓಡಿ ಕೆರೆಗೆ ಬಿತ್ತು. ಎಂಟು ದಿನ ಮುಗಿದಾಗ ಗೇಟು ಇಳಿಸಿದರು. ಮರಳು ಹೆಚ್ಚಾಗಿ ಕುಡಿದ ಎರಡು ದಿನದ ನೀರು ಕೆರೆಯಲ್ಲಿ ಕಮ್ಮಿಯೇ ಆಗಿತ್ತು. ತೂಬಿನ ಹತ್ತಿರ ನಿಂತು ಅಳೆದು ನೋಡಿ ಊರನ್ನು ಕರೆದೆ.

"ನೀರು ಬಂದಿದೆ. ನಲವತ್ತು ಎಕರೆಗೆ ಸಾಕು. ಕೊನೆಯ ಇಪ್ಪತ್ತು ಎಕರೆಗೆ ಇಲ್ಲ, ಅದಕ್ಕೆ ರಾಗಿ ಹಾಕಿಕೊಳ್ಳಿ. ನನ್ನ ಗದ್ದೆ ಆ ಇಪ್ಪತ್ತರಲ್ಲೇ ಇದೆ. ನನ್ನ ಸಸಿ ಬೇಕಾದವರು ಕಿತ್ತುಕೊಳ್ಳಿ. ಬರೋ ಆಷಾಢದಿಂದ ಗೇಟು ನಾಲ್ಕು ಬೆರಳಾದ್ರೂ ಎತ್ತಿರಬೇಕು. ಹಂಗಂತ ಬರೆಸ್ಕೊಂಡು ಬರೋದು ನನ್ನ ಕೆಲಸ."

"ನಂದು ಯಾವುದರಲ್ಲಪ್ಪ?" ಎಂದಳು ಗಂಗುಲಮ್ಮ.

"ನಲವತ್ತರೊಳಗೇ ಇದೆ. ನಾಲಿಗೆಗೆ ರಜ ಕೊಟ್ಟು ಸಸಿ ಕೀಳು."

ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಸಸಿ ಮಡಿಗೆ ಇಳಿದಳು. ನಾನು ತೂಬು ಎತ್ತಿದೆ.