ದಾರಿ ಹೇಳುವವರನ್ನು ಭಾರತಮ್ಮ ಆರಿಸಿಕೊಂಡದ್ದು

ಹುತ್ತೂರಿನ ಮುನಿರಾಮಪ್ಪನ ಮಗಳು ಭಾರತಮ್ಮ ಪಿಯುಸಿ ಪಾಸಾದದ್ದು ಎರಡನೇ ಸಲಕ್ಕೆ, ಅದೂ ಥರ್ಡ್ ಕ್ಲಾಸಿನಲ್ಲಿ. ೧೯೭೯ರ ಬೇಸಿಗೆಗೆ ಅವಳಿಗೆ ಇಪ್ಪತ್ತೊಂದು ತುಂಬಿತ್ತು. ಮದುವೆಯ ಮಾತೆದ್ದಾಗಲೆಲ್ಲ "ಒಂದು ಕೆಲಸ ಅಂತ ಆಗ್ಲಿ, ಆಮೇಲೆ ನೋಡಾಣ" ಎನ್ನುತ್ತಿದ್ದಳು. ಯಾವ ಕೆಲಸ ಎಂಬುದು ಅವಳಿಗೂ ಗೊತ್ತಿರಲಿಲ್ಲ.

"ತಿಳಿದೋರನ್ನ ಹೋಗಿ ಕೇಳಮ್ಮ. ನನಗೆ ರೇಷ್ಮೆ ಹುಳ ಬಿಟ್ರೆ ಬೇರೇನು ಗೊತ್ತು?" ಎಂದು ಅಪ್ಪನೇ ಒಂದು ದಿನ ಹೇಳಿದ.

ಮೊದಲು ಹೋದದ್ದು ಕೋಲಾರದ ಒಬ್ಬ ಟ್ಯುಟೋರಿಯಲ್ ಮೇಷ್ಟ್ರ ಹತ್ತಿರ. ಅವರ ಕೋಣೆಯ ಗೋಡೆ ತುಂಬ ಬ್ಯಾಂಕಿನಲ್ಲಿ ಕೆಲಸ ಸಿಕ್ಕವರ ಫೋಟೊಗಳು.

"ನಾನು ಹೇಳಿದ ಹಾಗೆ ಕೇಳಿದ್ರೆ ವರ್ಷದೊಳಗೆ ನಿನ್ನ ಫೋಟೊನೂ ಅಲ್ಲಿರುತ್ತೆ" ಎಂದರು ಮೇಷ್ಟ್ರು.

ಭಾರತಮ್ಮ ಗೋಡೆಯನ್ನೇ ನೋಡುತ್ತ, "ಕೆಲಸ ಸಿಗದೇ ಹೋದೋರು ಏನಾದ್ರು ಸಾರ್?" ಎಂದು ಕೇಳಿದಳು.

"ಅವರು ನನ್ನ ಮಾತು ಕೇಳಲಿಲ್ಲ, ಅಷ್ಟೆ."

ಮೆಟ್ಟಿಲಿಳಿದು ಬಸ್ ಸ್ಟ್ಯಾಂಡಿಗೆ ಬರುವಾಗಲೂ ಆ ಉತ್ತರ ಅವಳಿಗೆ ಸರಿಕಾಣಲಿಲ್ಲ.

ಮುಂದಿನ ವಾರ ಮಾಲೂರಿಗೆ ಹೋದಳು. ಅಲ್ಲಿ ಅವಳ ಚಿಕ್ಕಪ್ಪ ಚನ್ನರಾಯಪ್ಪ ಗುಮಾಸ್ತನಾಗಿದ್ದ. ನೆಂಟರಿಷ್ಟರ ಮಕ್ಕಳೆಲ್ಲ ಏನು ಓದಬೇಕು, ಎಲ್ಲಿ ಸೇರಬೇಕು ಎಂದು ತೀರ್ಮಾನಿಸುತ್ತಿದ್ದವನು ಅವನೇ. ಇವಳು ಹೋಗುವಷ್ಟರಲ್ಲಿ ಟೀಚರ್ ಟ್ರೈನಿಂಗಿನ ಅರ್ಜಿ ತಂದು ಅರ್ಧ ತುಂಬಿಟ್ಟಿದ್ದ.

"ನಾಕು ಜನರ ಮುಂದೆ ನಿಂತ್ರೆ ನನಗೆ ಮಾತೇ ಬರಲ್ಲ ಚಿಕ್ಕಪ್ಪ."

"ಅದೆಲ್ಲ ಅಭ್ಯಾಸ ಆಗೋಗ್ತದೆ. ಹೆಣ್ಮಕ್ಕಳಿಗೆ ಇದಕ್ಕಿಂತ ಒಳ್ಳೇದು ಯಾವುದಿದೆ? ಸೈನ್ ಹಾಕು."

ಚಿಕ್ಕಪ್ಪನ ಪ್ರೀತಿಯ ಬಗ್ಗೆ ಅವಳಿಗೆ ಅನುಮಾನವಿರಲಿಲ್ಲ. ಆದರೆ ಅವನು ದಾರಿ ಹೇಳುತ್ತಿದ್ದದ್ದು ತನ್ನ ಮನಸ್ಸಿನಲ್ಲೇ ಕಲ್ಪಿಸಿಕೊಂಡಿದ್ದ ಇನ್ಯಾವುದೋ ಹುಡುಗಿಗೆ ಎನಿಸಿತು. ಊಟ ಮಾಡಿ, ಅರ್ಜಿಯನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡು, ಸೈನ್ ಹಾಕದೆ ಹೊರಟು ಬಂದಳು.

ಮೂರನೆಯವರ ಹೆಸರು ಹೇಳಿದ್ದು ಊರಿನ ನರ್ಸಮ್ಮ. ಶ್ರೀನಿವಾಸಪುರದಲ್ಲಿ ಗಂಗರತ್ನಮ್ಮ ಎಂಬ ರಿಟೈರ್ಡ್ ಹೆಡ್‌ಮಿಸ್ ಇದ್ದಾರೆ, ಒಂದು ಸಲ ನೋಡಿ ಬಾ ಎಂದರು. ಭಾರತಮ್ಮ ಹೋದಾಗ ಅವರು ಜಗಲಿಯ ಮೇಲೆ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಅವಳ ಮುಂದೂ ಒಂದಿಷ್ಟು ಹಣ್ಣು ಸರಿಸಿ, "ನಿನ್ನೆ ಎದ್ದಾಗಿಂದ ಏನೇನು ಮಾಡಿದೆ, ಹೇಳು" ಎಂದರು.

ವಿಚಿತ್ರವೆನಿಸಿದರೂ ಭಾರತಮ್ಮ ಹೇಳತೊಡಗಿದಳು. ಟೈಪಿಂಗ್ ಕ್ಲಾಸಿಗೆ ಹೋಗಿ ಬಂದದ್ದು ಒಂದೇ ಮಾತಿಗೆ ಮುಗಿಯಿತು. ಹುಳದ ಮನೆಯ ಮಾತು ಮಾತ್ರ ಮುಗಿಯಲೇ ಇಲ್ಲ. ಹುಳ ಮೇಯುವುದು ನಿಲ್ಲಿಸಿ ನಾಲ್ಕನೇ ಜ್ವರಕ್ಕೆ, ಅಂದರೆ ಪೊರೆ ಬಿಡುವ ನಿದ್ದೆಗೆ, ಕೂತಿದ್ದು, ಪೊರೆ ಬಿಡುವ ಹೊತ್ತಿಗೆ ಸೊಪ್ಪು ಹಾಕಬೇಡ ಎಂದು ಅಣ್ಣನ ಕೈ ಹಿಡಿದದ್ದು, ಒಂದು ತಟ್ಟೆಯನ್ನು ಮಾತ್ರ ಬೇರೆ ಇಟ್ಟದ್ದು.

"ಯಾಕೆ ಬೇರೆ ಇಟ್ಟೆ?"

"ಅದರಲ್ಲಿ ನಾಕೈದು ಹುಳ ಜ್ವರಕ್ಕೆ ಕೂರದೆ ಅಂಚಿನ ಮೇಲೆ ಓಡಾಡ್ತಿದ್ವು ಮೇಡಂ. ಮೈ ಮಿರಮಿರ ಅಂತಿತ್ತು. ಹಾಲು ರೋಗ ಬರೋ ಮುಂಚೆ ಹಂಗಾಗುತ್ತೆ."

ಗಂಗರತ್ನಮ್ಮನ ಕೈ ನಿಂತಿತು. ಆದರೆ ಅವರು ಏನಾದರೂ ಹೇಳುವ ಮೊದಲು ಭಾರತಮ್ಮ ತಾನು ಕೇಳಬೇಕಾದ್ದನ್ನು ಕೇಳಿಬಿಟ್ಟಳು. "ಮೇಡಂ, ನೀವು ದಾರಿ ಹೇಳಿ, ಅದು ಕೈಗೂಡದೇ ಹೋದೋರು ಯಾರಾದ್ರೂ ಇದ್ದಾರಾ?"

"ಇದ್ದಾಳೆ" ಎಂದರು ಗಂಗರತ್ನಮ್ಮ. "ಒಬ್ಬಳನ್ನ ನರ್ಸಿಂಗಿಗೆ ಕಳಿಸಿದೆ. ಮೂರು ತಿಂಗಳಿಗೆ ವಾಪಸ್ ಬಂದ್ಲು. ರಕ್ತ ಕಂಡ್ರೆ ತಲೆ ಸುತ್ತಿ ಬೀಳ್ತಿದ್ದಳಂತೆ. ನಾನು ಕೇಳೇ ಇರಲಿಲ್ಲ. ತಪ್ಪು ನಂದು. ಆಮೇಲೆ ಯಾರಿಗೂ ಅವರ ಮಾತು ಪೂರ್ತಿ ಕೇಳದೆ ಬುದ್ಧಿ ಹೇಳೋಕೆ ಹೋಗಿಲ್ಲ."

ಭಾರತಮ್ಮನಿಗೆ ಅಷ್ಟು ಸಾಕಾಯಿತು. ಇವರನ್ನು ನಂಬಬಹುದು ಎಂದು ಅಲ್ಲೇ ನಿಶ್ಚಯಿಸಿದಳು.

"ರೇಷ್ಮೆ ಇಲಾಖೆಯಲ್ಲಿ ಡೆಮಾನ್‌ಸ್ಟ್ರೇಟರ್ ಅಂತ ಕೆಲಸ ಇದೆ. ಊರೂರಿಗೆ ಹೋಗಿ ರೈತರಿಗೆ ಹುಳ ಸಾಕೋದು ಹೇಳಿಕೊಡೋದು" ಎಂದರು ಗಂಗರತ್ನಮ್ಮ. "ಅದರ ಒಳಹೊರಗು ನನಗೆ ಗೊತ್ತಿಲ್ಲ. ಗೊತ್ತಿರೋರನ್ನ ಹುಡುಕಾಣ. ಜನರ ಮುಂದೆ ಮಾತಾಡೋಕೆ ನಿನಗೆ ಭಯವಾ?"

"ಹೌದು ಮೇಡಂ."

"ಈಗ ಅರ್ಧ ಗಂಟೆ ಮಾತಾಡಿದೆಯಲ್ಲ."

ಅಂದಿನಿಂದ ತಿಂಗಳಿಗೊಮ್ಮೆ ಭಾರತಮ್ಮ ಶ್ರೀನಿವಾಸಪುರಕ್ಕೆ ಹೋಗುತ್ತಿದ್ದಳು. ಹುಳದ ಮನೆಯ ಬಿಸಿ, ತೇವ, ಸೊಪ್ಪು, ರೋಗ ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದು ಒಯ್ಯಬೇಕು. ಗಂಗರತ್ನಮ್ಮ ಏನೂ ತಿಳಿಯದ ರೈತ ಹೆಂಗಸಿನಂತೆ ಎದುರಿಗೆ ಕೂತು ಪ್ರಶ್ನೆ ಕೇಳುತ್ತಿದ್ದರು. ಅವರಿಗೆ ಅರ್ಥವಾಗುವವರೆಗೂ ಇವಳು ಹೇಳಬೇಕು. ಇಲಾಖೆಯ ಒಬ್ಬ ಹಳೆಯ ನೌಕರರನ್ನು ಹುಡುಕಿ ಪರಿಚಯ ಮಾಡಿಸಿದವರೂ ಅವರೇ. ಮೊದಲ ವರ್ಷ ಹಾಕಿದ ಅರ್ಜಿಗೆ ಕರೆಯೇ ಬರಲಿಲ್ಲ. "ಮನೇಲಿ ಮಾಡೋ ಕೆಲಸಾನೇ ಮಾಡೋಕೆ ಇಷ್ಟು ಓಡಾಟವಾ?" ಎಂದು ಅಪ್ಪ ಬೇಸರಪಟ್ಟ. ಭಾರತಮ್ಮ ಮತ್ತೆ ಅರ್ಜಿ ಹಾಕಿದಳು.

೧೯೮೧ರ ಸಂದರ್ಶನಕ್ಕೆ ಬಂದ ಮೂವತ್ತು ಜನರಲ್ಲಿ ಅವಳದೇ ಕಡಿಮೆ ಅಂಕ. ಒಳಗೆ ಮೂವರು ಅಧಿಕಾರಿಗಳಿದ್ದರು. ಮೇಜಿನ ಮೇಲೆ ಹುಳದ ಎರಡು ತಟ್ಟೆ.

"ಯಾವ ತಟ್ಟೆ ಚೆನ್ನಾಗಿದೆ?" ಎಂದು ನಡುವಿನವರು ಕೇಳಿದರು.

ಭಾರತಮ್ಮ ಬಗ್ಗಿ ನೋಡಿದಳು. ಒಂದು ತಟ್ಟೆಯಲ್ಲಿ ಕಪ್ಪಾಗಿ ಸತ್ತ ಹುಳಗಳಿದ್ದವು, ಅದು ಯಾರಿಗಾದರೂ ಕಾಣುವಂಥದ್ದು. ಇನ್ನೊಂದರ ಹುಳ ದಪ್ಪದಪ್ಪಗೆ ಚೆಂದವಾಗಿದ್ದವು. ಅವಳು ಆ ಎರಡನೆಯ ತಟ್ಟೆಯನ್ನೇ ಬೆಳಕಿಗೆ ತಿರುಗಿಸಿ ಒಂದೊಂದೇ ಹುಳವನ್ನು ನೋಡಿದಳು.

"ಎರಡೂ ಚೆನ್ನಾಗಿಲ್ಲ ಸಾರ್. ಇದರಲ್ಲಿ ಮೂರು ಹುಳ ಗೆಣ್ಣುಗೆಣ್ಣಿಗೆ ಊದಿವೆ. ಇವತ್ತೇ ತೆಗೆದು, ಸುಣ್ಣ ಹೊಡೆದು, ತಟ್ಟೆ ಬೇರೆ ಇಡದಿದ್ರೆ ನಾಡಿದ್ದಿಗೆ ಪಕ್ಕದ ತಟ್ಟೆಗಳೂ ಹೋಗ್ತವೆ."

ನಡುವಿನವರು ಎದ್ದು ಬಂದು ತಾವೇ ತಟ್ಟೆಯನ್ನು ನೋಡಿದರು. ಉಳಿದಿಬ್ಬರನ್ನೂ ಕರೆದರು. ಅವಳು ಬೆರಳಿಟ್ಟು ತೋರಿಸಿದ ಮೂರೂ ಹುಳ ರೋಗದವೇ.

"ಇದನ್ನ ಚೆನ್ನಾಗಿರೋದು ಅಂತಲೇ ತರಿಸಿದ್ದೆವಮ್ಮ" ಎಂದರು ಅವರು, ನಗುತ್ತ.

ತಿಂಗಳೊಳಗೆ ಆರ್ಡರ್ ಬಂತು. ಕೆಲಸ ನಂಗಲಿಯ ಸುತ್ತಲ ಹಳ್ಳಿಗಳಲ್ಲಿ. ಅಪ್ಪ ಆ ಕಾಗದವನ್ನು ಅಂಗಡಿಯ ಮುಂದೆ ಕೂತಿದ್ದವರಿಗೆಲ್ಲ ಓದಿಸಿದ. ಗಂಗರತ್ನಮ್ಮ ಅವಳ ಕೈಯಿಂದ ಮೂರು ಸಲ ಓದಿಸಿಕೊಂಡು, ಒಳಗೆ ಹೋಗಿ ಮುಖ ತೊಳೆದುಕೊಂಡು ಬಂದರು.

ನಂಗಲಿಯ ಕಡೆ ಮನೆಮಾತು ತೆಲುಗು. ಭಾರತಮ್ಮ ಅಲ್ಲಿನ ಒಂದು ಹಳ್ಳಿಗೆ ಸೈಕಲ್ಲಿನಲ್ಲಿ ಹೋಗಿ ಇಳಿದಾಗ ದೊಡ್ಡಮುನಿಯಪ್ಪ ಎಂಬ ರೈತ ಅವಳನ್ನು ಮೇಲಿಂದ ಕೆಳಗೆ ನೋಡಿ, "ಈ ಅಮ್ಮಾಯಿ ನಮಗೆ ಹೇಳ್ಕೊಡ್ತಾಳಾ?" ಎಂದ. ಆ ಊರಿನಲ್ಲಿ ಸತತವಾಗಿ ಎರಡು ಬೆಳೆ ರೋಗಕ್ಕೆ ಹೋಗಿತ್ತು. ಭಾರತಮ್ಮ ಸೆರಗು ಕಟ್ಟಿ, ಅವನ ಹುಳದ ಮನೆಯನ್ನು ತಾನೇ ತೊಳೆಯಲು ನಿಂತಳು. ಮೂರನೇ ದಿನಕ್ಕೆ ದೊಡ್ಡಮುನಿಯಪ್ಪನೂ ಪೊರಕೆ ಹಿಡಿದ. ಆಮೇಲೆ ಹನ್ನೊಂದು ಮನೆಯವರು ತಮ್ಮ ಮನೆಗೂ ಬಾ ಎಂದು ಕರೆದರು.

ಆ ಬೆಳೆಯಲ್ಲಿ ಹನ್ನೆರಡು ಮನೆಯ ಹುಳವೂ ಬಲಿತು ಹಣ್ಣಾಗಿ ಗೂಡು ಕಟ್ಟಿತು. ಗೂಡನ್ನು ಕೋಲಾರದ ಮಾರ್ಕೆಟ್ಟಿಗೆ ಸಾಗಿಸಲು ಊರಿನವರು ಒಂದು ಲಾರಿಯನ್ನೇ ಮಾತಾಡಿದರು. ಹೊರಡುವ ಹೊತ್ತಿಗೆ ದೊಡ್ಡಮುನಿಯಪ್ಪ ಕ್ಯಾಬಿನ್ನಿನಲ್ಲಿ ಕೂತಿದ್ದ ತನ್ನ ಭಾವಮೈದುನನನ್ನು ಕೆಳಗಿಳಿಸಿದ.

"ನೀವು ಮುಂದೆ ಕೂತ್ಕೊಳ್ಳಿ ಮೇಡಂ" ಎಂದ.

ಭಾರತಮ್ಮ ಹತ್ತಿ ಕೂತಳು. ಹಿಂದೆ ಗೂಡಿನ ಚೀಲಗಳ ಮಧ್ಯೆ ಕೂತಿದ್ದ ಹೆಂಗಸರು ತೆಲುಗಿನಲ್ಲಿ ಹಾಡಲು ಶುರುಮಾಡಿದ್ದರು. ಮುಳಬಾಗಿಲು ದಾಟುವವರೆಗೂ ಅವರು ಹಾಡು ನಿಲ್ಲಿಸಲಿಲ್ಲ. ಅಲ್ಲಿಗೆ ಅರ್ಧ ದಾರಿ ಸಾಗುವಷ್ಟರಲ್ಲಿ ಅವಳೂ ದನಿಗೂಡಿಸಿದ್ದಳು.